ಪ್ರವಾಸಿಗರು ಹೆಚ್ಚಿದರೂ ವ್ಯಾಪಾರ ಏಕೆ ಇಳಿಯಿತು? ಮಾಂಡವಿ ದಡದ ಕ್ಯಾಸಿನೊಗಳು ಹೇಳುವ ಲೆಕ್ಕ

ಗೋವಾ ಕುರಿತು ಈಚೆಗೆ ಬರುತ್ತಿರುವ ಸುದ್ದಿಗಳು ಒಂದಕ್ಕೊಂದು ತಾಳೆಯಾಗುತ್ತಿಲ್ಲ. 2025ರಲ್ಲಿ 1.08 ಕೋಟಿ ಪ್ರವಾಸಿಗರು ಬಂದರು, ಇದು ಕೊರೊನಾ ಪೂರ್ವದ ಸಂಖ್ಯೆಯನ್ನು ಬಹಳ ಹಿಂದೆ ಹಾಕಿದೆ ಎನ್ನುತ್ತದೆ ಅಲ್ಲಿನ ಸರ್ಕಾರ. ಅದೇ ಹೊತ್ತಿಗೆ ಕಡಲತೀರದ ಹೋಟೆಲಿನವರು, ಟ್ಯಾಕ್ಸಿಯವರು, ಸಣ್ಣ ವಸತಿಗೃಹಗಳ ಮಾಲೀಕರು ಹಂಗಾಮಿನಲ್ಲೂ ವ್ಯಾಪಾರವಿಲ್ಲ ಎನ್ನುತ್ತಿದ್ದಾರೆ, ಖಾಲಿ ಕುರ್ಚಿಗಳ ವಿಡಿಯೊಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿವೆ. ಈ ನಡುವೆ ಕ್ಯಾಸಿನೊಗಳ ಮೇಲಿನ ಜಿಎಸ್‌ಟಿ ಶೇ 40ಕ್ಕೆ ಏರಿತು, ಅರ್ಪೋರಾದ ನೈಟ್ ಕ್ಲಬ್ಬೊಂದರಲ್ಲಿ ಬೆಂಕಿ ಬಿದ್ದು 25 ಮಂದಿ ಸತ್ತರು. ಮೈಸೂರು, ಮಂಡ್ಯ ಕಡೆಯಿಂದ ವಾರಾಂತ್ಯಕ್ಕೆ ಗೋವಾಕ್ಕೆ ಹೋಗಿಬರುವವರು ಕಡಿಮೆಯಿಲ್ಲವಾದ್ದರಿಂದ, ಪಣಜಿಯ ರಾತ್ರಿಯ ಆಕರ್ಷಣೆ ನಿಜವಾಗಿಯೂ ಮಾಸುತ್ತಿದೆಯೇ ಎಂಬ ಪ್ರಶ್ನೆ ಇಲ್ಲಿಯೂ ಸಹಜವಾಗಿ ಎದ್ದಿದೆ.

ಸರ್ಕಾರ ಹೇಳುವುದೂ ವ್ಯಾಪಾರಿಗಳು ಹೇಳುವುದೂ ಬಹುಮಟ್ಟಿಗೆ ನಿಜವೇ. ಎರಡೂ ಹೇಗೆ ಏಕಕಾಲಕ್ಕೆ ನಿಜವಾಗುತ್ತವೆ ಎಂಬುದನ್ನು ಬಿಡಿಸಿ ನೋಡಿದರೆ ಮಾತ್ರ ಈ ಗೊಂದಲ ಕರಗುತ್ತದೆ.

ನದಿಯ ಮೇಲೆ ಜೂಜು ಬಂದ ಬಗೆ

ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಭೀಮಗಡದ ಕಾಡಿನಲ್ಲಿ ಹುಟ್ಟುವ, ನಾವು ಮಹದಾಯಿ ಎಂದು ಕರೆಯುವ ನದಿಯೇ ಗೋವಾದಲ್ಲಿ ಮಾಂಡವಿಯಾಗಿ ಪಣಜಿಯ ಪಕ್ಕದಲ್ಲಿ ಸಮುದ್ರ ಸೇರುತ್ತದೆ. ಅದರ ಕೊನೆಯ ಹರಿವಿನಲ್ಲಿ, ನಗರಕ್ಕೆ ಎದುರಾಗಿ, ಆರು ಕ್ಯಾಸಿನೊ ಹಡಗುಗಳು ಲಂಗರು ಹಾಕಿ ನಿಂತಿವೆ. ಸಂಜೆಯಾದರೆ ಅವುಗಳ ದೀಪ ಇಡೀ ದಡವನ್ನು ಬೆಳಗುತ್ತದೆ.

ಇದರ ಕಾನೂನು ಹಂತ ಹಂತವಾಗಿ ಬೆಳೆದುಬಂದದ್ದು. ಜೂಜನ್ನು ನಿಷೇಧಿಸಲೆಂದೇ 1976ರಲ್ಲಿ ಬಂದ ಕಾಯ್ದೆಗೆ 1992ರಲ್ಲಿ ತಿದ್ದುಪಡಿ ತಂದು, ಪಂಚತಾರಾ ಹೋಟೆಲುಗಳಲ್ಲಿ ಯಂತ್ರದ ಆಟಗಳಿಗೆ ಅವಕಾಶ ಕೊಡಲಾಯಿತು. 1996ರ ತಿದ್ದುಪಡಿ ನೀರಿನ ಮೇಲಿನ ಹಡಗುಗಳಲ್ಲಿ ಮೇಜಿನ ಆಟಗಳಿಗೂ, ಅಂದರೆ ಇಸ್ಪೀಟು ಮತ್ತು ಅಂಕಿಗಳ ಚಕ್ರ ತಿರುಗಿಸುವ ಆಟವಾದ ರೂಲೆಟ್‌ಗೂ, ದಾರಿ ತೆರೆಯಿತು. ನೆಲದ ಮೇಲೆ ಯಂತ್ರ, ನೀರಿನ ಮೇಲೆ ಮೇಜು ಎಂಬ ಈ ವಿಂಗಡಣೆಯಿಂದಲೇ ಹಡಗುಗಳಿಗೆ ಬೆಲೆ ಬಂತು.

ಕರ್ನಾಟಕದ ಸ್ಥಿತಿ ಬೇರೆ. 1963ರ ಪೊಲೀಸ್ ಕಾಯ್ದೆಯಡಿ ಅದೃಷ್ಟದ ಆಟಕ್ಕೆ ಹಣ ಕಟ್ಟುವುದು ಇಲ್ಲಿ ಅಪರಾಧ. ಕುದುರೆ ಪಂದ್ಯಕ್ಕೆ ಮಾತ್ರ ವಿನಾಯಿತಿಯಿದ್ದು, ಚಾಮುಂಡಿ ಬೆಟ್ಟದ ತಪ್ಪಲಿನ ರೇಸ್ ಕೋರ್ಸ್ ನಡೆಯುತ್ತಿರುವುದು ಅದರ ಬಲದಿಂದ. ಮಂಡ್ಯದ ತೋಟದ ಮನೆಯಲ್ಲಿ ಅಂದರ್ ಬಾಹರ್ ಆಡಿದವರನ್ನು ಪೊಲೀಸರು ಹಿಡಿದು ಪಣಕ್ಕಿಟ್ಟ ಹಣ ಜಪ್ತಿ ಮಾಡುತ್ತಾರೆ. ಅದೇ ಆಟ ಪಣಜಿಯ ಹಡಗಿನಲ್ಲಿ ಪರವಾನಗಿ ಪಡೆದ ಮೇಜಿನ ಮೇಲೆ ನಡೆಯುತ್ತದೆ. ನೆರೆಯ ರಾಜ್ಯಗಳಲ್ಲಿ ಇಲ್ಲದ್ದು ಗೋವಾದಲ್ಲಿದೆ ಎಂಬುದೇ ಆ ಉದ್ಯಮದ ಮೂಲ ಬಂಡವಾಳ. ಗೋವಾದ ನಿವಾಸಿಗಳಿಗೆ 2020ರ ಫೆಬ್ರುವರಿಯಿಂದ ಕ್ಯಾಸಿನೊ ಪ್ರವೇಶ ನಿಷಿದ್ಧವಾಗಿದೆ. ಹೀಗಾಗಿ ಆ ಹಡಗುಗಳು ಹೊರಗಿನವರನ್ನೇ ನಂಬಿ ನಡೆಯಬೇಕು, ಅವರಲ್ಲಿ ಕರ್ನಾಟಕದವರ ಪಾಲು ಸಣ್ಣದಲ್ಲ.

ತಲೆ ಎಣಿಕೆ ಒಂದು, ರಾತ್ರಿಗಳ ಎಣಿಕೆ ಇನ್ನೊಂದು

2019ರಲ್ಲಿ ಗೋವಾಕ್ಕೆ ಸುಮಾರು 71 ಲಕ್ಷ ದೇಶೀಯ ಪ್ರವಾಸಿಗರೂ 9.37 ಲಕ್ಷ ವಿದೇಶಿಯರೂ ಬಂದಿದ್ದರು. 2024ರಲ್ಲಿ ದೇಶೀಯರು 99 ಲಕ್ಷ ದಾಟಿದರೆ ವಿದೇಶಿಯರು 4.67 ಲಕ್ಷಕ್ಕೆ ಇಳಿದಿದ್ದರು. 2025ರಲ್ಲಿ ವಿದೇಶಿಯರ ಸಂಖ್ಯೆ ತುಸು ಚೇತರಿಸಿಕೊಂಡು 5 ಲಕ್ಷ ದಾಟಿದರೂ, ಮೊದಲು ನೂರಕ್ಕೆ ಹನ್ನೊಂದು ಹನ್ನೆರಡರಷ್ಟಿದ್ದ ಅವರ ಪಾಲು ಐದಕ್ಕೂ ಕಡಿಮೆಯಾಗಿದೆ.

ಬ್ರಿಟನ್ ಅಥವಾ ರಷ್ಯಾದಿಂದ ಬಾಡಿಗೆ ವಿಮಾನದಲ್ಲಿ ಬರುತ್ತಿದ್ದವರು ಒಂದೆರಡು ವಾರ ಒಂದೇ ಊರಿನಲ್ಲಿ ತಂಗುತ್ತಿದ್ದರು. ಬೆಳಗಿನ ತಿಂಡಿ ಕಡಲತೀರದ ಚಪ್ಪರದ ಹೋಟೆಲಾದ ಒಂದು ಶ್ಯಾಕ್‌ನಲ್ಲಿ, ಊಟ ಇನ್ನೊಂದರಲ್ಲಿ, ಓಡಾಡಲು ಬಾಡಿಗೆ ಸ್ಕೂಟರು, ನಡುವೆ ದರ್ಜಿಯ ಅಂಗಡಿ, ಹಣ್ಣಿನ ಬುಟ್ಟಿಯವಳು: ಅವರ ಖರ್ಚು ಹೀಗೆ ಸಣ್ಣ ಸಣ್ಣ ಕೈಗಳಿಗೆ ಹಂಚಿಹೋಗುತ್ತಿತ್ತು. ವಾರಾಂತ್ಯಕ್ಕೆ ಬರುವ ದೇಶೀಯ ತಂಡ ಉಳಿಯುವುದು ಎರಡು ಅಥವಾ ಮೂರು ರಾತ್ರಿ. ಪಟ್ಟಿಯಲ್ಲಿ ಇಬ್ಬರೂ ಒಂದೊಂದು ತಲೆ. ಆದರೆ ಹತ್ತು ರಾತ್ರಿ ತಂಗುವ ಒಬ್ಬನ ಜಾಗಕ್ಕೆ ಎರಡು ರಾತ್ರಿ ತಂಗುವ ಮೂವರು ಬಂದರೆ, ಪ್ರವಾಸಿಗರ ಸಂಖ್ಯೆ ಮೂರು ಪಟ್ಟಾಗುತ್ತದೆ, ಕೋಣೆ ತುಂಬಿದ ರಾತ್ರಿಗಳು ಹತ್ತರಿಂದ ಆರಕ್ಕೆ ಇಳಿಯುತ್ತವೆ. ಸರ್ಕಾರದ ಸಂಭ್ರಮಕ್ಕೂ ವ್ಯಾಪಾರಿಯ ದೂರಿಗೂ ನಡುವಿನ ಅಂತರ ಹುಟ್ಟಿದ್ದು ಇಲ್ಲಿ.

ವಿದೇಶಿಯರು ಕಡಿಮೆಯಾಗಲು ಕಾರಣಗಳು ಗೋವಾದ ಒಳಗೂ ಇವೆ, ಹೊರಗೂ ಇವೆ. 2019ರ ಸೆಪ್ಟೆಂಬರಿನಲ್ಲಿ ಬ್ರಿಟನ್ನಿನ ಥಾಮಸ್ ಕುಕ್ ಪ್ರವಾಸ ಸಂಸ್ಥೆ ದಿವಾಳಿಯಾಗಿ ಅದರ ವಿಮಾನಗಳು ನಿಂತವು. ಅದರ ಬೆನ್ನಿಗೆ ಕೊರೊನಾ, ಆಮೇಲೆ ಉಕ್ರೇನ್ ಯುದ್ಧ ಬಂದವು. ದೇಶೀಯ ಪ್ರವಾಸಿಗರಿಗೂ ಆಯ್ಕೆಗಳು ಹೆಚ್ಚಿದವು: ಥಾಯ್ಲೆಂಡ್ 2023ರ ನವೆಂಬರಿನಿಂದ ಭಾರತೀಯರಿಗೆ ವೀಸಾ ವಿನಾಯಿತಿ ಕೊಟ್ಟಿತು, ವಿಯೆಟ್ನಾಂ ಇ-ವೀಸಾ ಸುಲಭಗೊಳಿಸಿತು. ಗೋವಾದೊಳಗೆ ಟ್ಯಾಕ್ಸಿ ಬಾಡಿಗೆಯ ಜಗಳ ವರ್ಷಗಳಿಂದ ಬಗೆಹರಿದಿಲ್ಲ. ಬೇರೆ ನಗರಗಳಲ್ಲಿ ಸಿಗುವ ಓಲಾ, ಉಬರ್ ಅಲ್ಲಿಲ್ಲ. ವಿಮಾನ ನಿಲ್ದಾಣದಿಂದ ಹೋಟೆಲಿಗೆ ಹೋಗುವ ಖರ್ಚೇ ಹಲವರಿಗೆ ಮೊದಲ ಬೇಸರವಾಗುತ್ತದೆ.

ಈ ಬಗೆಯ ವೈರುಧ್ಯ ನಮ್ಮ ಜಿಲ್ಲೆಗಳಿಗೆ ಹೊಸದಲ್ಲ. 2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿ ಉದ್ಘಾಟನೆಯಾಯಿತು. ಪ್ರಯಾಣ ಸರಾಗವಾಯಿತು, ಆದರೆ ಬಿಡದಿಯ ತಟ್ಟೆ ಇಡ್ಲಿ, ಚನ್ನಪಟ್ಟಣದ ಗೊಂಬೆ, ಮದ್ದೂರಿನ ವಡೆ ಮಾರುತ್ತಿದ್ದ ಹಳೆಯ ರಸ್ತೆಯ ಅಂಗಡಿಗಳ ಮುಂದೆ ಕಾರುಗಳು ನಿಲ್ಲುವುದು ಕಡಿಮೆಯಾಯಿತು. ಆ ಅಂಗಡಿಯವರ ನಷ್ಟ ನಿಜ, ಹೆದ್ದಾರಿಯ ಮೇಲಿನ ದಟ್ಟಣೆಯೂ ನಿಜ. ಗಿರಾಕಿ ಕಾಣೆಯಾಗಿರಲಿಲ್ಲ, ಆತ ಸಾಗುವ ದಾರಿ ಬದಲಾಗಿತ್ತು. ಪಣಜಿಯ ದಡದಲ್ಲಿ ಆಗಿರುವುದೂ ಇದಕ್ಕೆ ಹತ್ತಿರದ್ದೇ, ಆದರೆ ಅಲ್ಲಿ ದಾರಿ ಬದಲಿಸಿದ್ದು ರಸ್ತೆಯಲ್ಲ, ಕ್ಯಾಸಿನೊದ ಒಳಗಿನ ಲೆಕ್ಕ.

ಹಡಗಿನೊಳಗಿನ ಲೆಕ್ಕ

ಕ್ಯಾಸಿನೊ ಹಡಗಿಗೆ ಹೋಗುವವರು ದಡದಲ್ಲೇ ಪ್ರವೇಶದ ಹಣ ಕಟ್ಟಿ, ಸಣ್ಣ ದೋಣಿಯಲ್ಲಿ ಹಡಗು ಸೇರುತ್ತಾರೆ. ಆ ಹಣದಲ್ಲೇ ಬಫೆ ಊಟ, ಮದ್ಯ, ವೇದಿಕೆಯ ನೃತ್ಯ ಮತ್ತು ಆಡಲು ಹಣದ ಬದಲು ಬಳಸುವ ಕೆಲವು ಬಿಲ್ಲೆಗಳು, ಅಂದರೆ ಚಿಪ್‌ಗಳು ಸೇರಿರುವುದು ರೂಢಿ. ಒಮ್ಮೆ ಒಳಗೆ ಹೋದವರು ಹೊರಗೆ ಬಂದು ಬೇರೆಡೆ ಊಟ ಮಾಡಲು ಕಾರಣವೇ ಇರುವುದಿಲ್ಲ. ಅವರ ಇಡೀ ರಾತ್ರಿ ಒಂದೇ ಸೂರಿನಡಿ ಕಳೆಯುತ್ತದೆ.

ಕ್ಯಾಸಿನೊಗಳು ಹೀಗೆ ಎಲ್ಲವನ್ನೂ ಒಳಗೇ ಇಟ್ಟು ಗಿರಾಕಿಯನ್ನು ಬೆಳಗಿನವರೆಗೆ ಹಿಡಿದಿಡಲು ನೋಡುವುದು ಏಕೆ ಎಂಬುದಕ್ಕೆ ಉತ್ತರ ಆಟದ ಗಣಿತದಲ್ಲಿದೆ. ಒಂದು ಸೊನ್ನೆ ಇರುವ ರೂಲೆಟ್ ಚಕ್ರದಲ್ಲಿ 37 ಮನೆಗಳಿರುತ್ತವೆ, ಒಂದು ಅಂಕಿಯ ಮೇಲೆ ಕಟ್ಟಿ ಗೆದ್ದವನಿಗೆ ಕೊಡುವುದು ಕಟ್ಟಿದ್ದರ 35 ಪಟ್ಟು. ಈ ಅಂತರದಿಂದ, ದೀರ್ಘಕಾಲದ ಸರಾಸರಿಯಲ್ಲಿ, ಮೇಜಿನ ಮೇಲೆ ಬಿದ್ದ ಪ್ರತಿ 100 ರೂಪಾಯಿಗೆ ಕ್ಯಾಸಿನೊಗೆ ಉಳಿಯುವುದು 2 ರೂಪಾಯಿ 70 ಪೈಸೆ. ಒಂದು ಸುತ್ತಿನ ಲಾಭ ಇಷ್ಟು ತೆಳ್ಳಗಿರುವುದರಿಂದ, ಅದೇ ಹಣ ಮೇಜಿನ ಮೇಲೆ ಮತ್ತೆ ಮತ್ತೆ ಸುತ್ತಬೇಕು. ಸುತ್ತಬೇಕಾದರೆ ಆಟಗಾರ ಎದ್ದು ಹೋಗಬಾರದು.

ತೆರಿಗೆಯ ಬದಲಾವಣೆ ಈ ಒತ್ತಡವನ್ನು ಹಲವು ಪಟ್ಟು ಹೆಚ್ಚಿಸಿತು. ಹಿಂದೆ ಕ್ಯಾಸಿನೊಗಳು ಶೇ 28ರ ಜಿಎಸ್‌ಟಿಯನ್ನು ತಮ್ಮ ಆದಾಯದ ಮೇಲೆ, ಅಂದರೆ ಆಟಗಾರರು ಸೋತ ನಿವ್ವಳ ಮೊತ್ತದ ಮೇಲೆ ಕಟ್ಟುತ್ತಿದ್ದವು. 2023ರ ಅಕ್ಟೋಬರ್ 1ರಿಂದ ಆಟಗಾರ ಚಿಪ್ ಕೊಳ್ಳಲು ಕೊಟ್ಟ ಪೂರ್ತಿ ಹಣದ ಮೇಲೆ ತೆರಿಗೆ ಬಂತು. 2025ರ ಸೆಪ್ಟೆಂಬರ್ 22ರಿಂದ ದರ ಶೇ 40 ಆಯಿತು. ಒಬ್ಬರು 10,000 ರೂಪಾಯಿಯ ಚಿಪ್ ಕೊಂಡು 2,000 ಸೋತು ಹಿಂದಿರುಗಿದರು ಎಂದುಕೊಳ್ಳೋಣ. ಹಳೆಯ ಪದ್ಧತಿಯಲ್ಲಿ ತೆರಿಗೆ 560 ರೂಪಾಯಿ. 2023ರ ನಂತರ ಅದು 2,800. ಈಗ 4,000. ಆಡದೆ ಉಳಿಸಿಕೊಂಡ ಚಿಪ್ ಮರಳಿಸಿ ಹಣ ಪಡೆದರೂ ತೆರಿಗೆ ಕಡಿಮೆಯಾಗುವುದಿಲ್ಲ.

ಈ 4,000 ರೂಪಾಯಿಯನ್ನು ಆಟಗಾರನಿಂದ ಮೊದಲೇ ವಸೂಲು ಮಾಡಿದರೆ ಆತ ಮುಂದಿನ ಸಲ ಬರಲು ಹಿಂಜರಿಯುತ್ತಾನೆ. ಕ್ಯಾಸಿನೊ ತಾನೇ ಹೊತ್ತರೆ, ರೂಲೆಟ್‌ನ 2.70ರ ಲೆಕ್ಕದಲ್ಲಿ ಅಷ್ಟನ್ನು ಗಳಿಸಲು ಆ ಒಬ್ಬ ಗಿರಾಕಿ ಒಟ್ಟು 1.48 ಲಕ್ಷ ರೂಪಾಯಿ ಮೊತ್ತದ ಪಂದ್ಯ ಕಟ್ಟಬೇಕು. ಬೇರೆ ಆಟಗಳಲ್ಲಿ, ಯಂತ್ರಗಳಲ್ಲಿ ಕ್ಯಾಸಿನೊದ ಪಾಲು ಇದಕ್ಕಿಂತ ಹೆಚ್ಚಿರಬಹುದು, ಆದರೆ ಲೆಕ್ಕದ ದಿಕ್ಕು ಒಂದೇ. ಗೆದ್ದ ಹಣವನ್ನು ಮತ್ತೆ ಪಂದ್ಯಕ್ಕೆ ಹೂಡಿದರೆ ಅದಕ್ಕೆ ಪುನಃ ತೆರಿಗೆ ಇಲ್ಲ. ಆದ್ದರಿಂದ ಒಂದು ರಾತ್ರಿ ಆಡಿ ಹೋಗಿ ಮರುದಿನ ಹೊಸ ಚಿಪ್ ಕೊಳ್ಳುವ ಗಿರಾಕಿಗಿಂತ, ಒಂದೇ ಬಾರಿ ಕೊಂಡ ಚಿಪ್‌ನಲ್ಲಿ ಬೆಳಗಾಗುವವರೆಗೆ ಆಡುವವನು ಕ್ಯಾಸಿನೊಗೆ ಲಾಭದಾಯಕ. ಊಟ, ಮದ್ಯ, ನೃತ್ಯ ಎಲ್ಲವನ್ನೂ ಒಳಗೇ ಇಡುವುದಕ್ಕೆ ಮೊದಲೇ ಇದ್ದ ಕಾರಣವನ್ನು ತೆರಿಗೆಯ ಈ ರಚನೆ ಇನ್ನಷ್ಟು ಬಲಪಡಿಸಿತು.

ಹಡಗು ತುಂಬಿರುವುದೂ ಎದುರಿನ ರಸ್ತೆಯ ಹೋಟೆಲು ಖಾಲಿಯಿರುವುದೂ ಒಂದೇ ಕಾರಣದ ಎರಡು ಪರಿಣಾಮಗಳಾಗಿರಲು ಸಾಧ್ಯ ಎಂಬುದನ್ನು ಈ ಚರ್ಚೆಯಲ್ಲಿ ಬಹಳ ಜನ ಗಮನಿಸುತ್ತಿಲ್ಲ. ಕ್ಯಾಸಿನೊದಿಂದ ಊರಿಗೆ ಗಿರಾಕಿ ಬರುತ್ತಾನೆ ಎಂಬ ವಾದ ಮೊದಲ ಹೆಜ್ಜೆಯವರೆಗೆ ಸರಿ. ಆತ ಊರಿಗೆ ಬರುತ್ತಾನೆ, ಆದರೆ ಊರೊಳಗೆ ಖರ್ಚು ಮಾಡುವಷ್ಟು ಹೊತ್ತು ಅವನಿಗೆ ಉಳಿಯುವುದಿಲ್ಲ.

ಯಾರ ವಾದ ಏನು

ಗೋವಾ ಸರ್ಕಾರ ಅಂಕಿಗಳನ್ನು ಮುಂದಿಡುತ್ತದೆ. 2024ರ ನವೆಂಬರಿನಲ್ಲಿ ವಿದೇಶಿಯರ ಕುಸಿತದ ಬಗ್ಗೆ ಸಾಮಾಜಿಕ ಜಾಲತಾಣದ ಪೋಸ್ಟ್ ಒಂದು ಹರಡಿದಾಗ, ಅದು ದಾರಿ ತಪ್ಪಿಸುವ ಮಾಹಿತಿ ಎಂದು ಅಲ್ಲಿನ ಪ್ರವಾಸೋದ್ಯಮ ಇಲಾಖೆ ಪೊಲೀಸರಿಗೆ ದೂರನ್ನೇ ಕೊಟ್ಟಿತು. ವಿದೇಶಿಯರ ಸಂಖ್ಯೆ 2019ರ ಮಟ್ಟಕ್ಕೆ ಮರಳಿಲ್ಲ ಎಂಬುದು ಇಲಾಖೆಯ ಅಂಕಿಗಳಲ್ಲೇ ಇರುವಾಗ ದೂರು ಕೊಡುವ ಬದಲು ವಿವರಣೆ ಕೊಟ್ಟಿದ್ದರೆ ಗೊಂದಲ ಕಡಿಮೆಯಾಗುತ್ತಿತ್ತು.

2025ರ ಫೆಬ್ರುವರಿಯಲ್ಲಿ ಕಲಂಗುಟ್ ಶಾಸಕ ಮೈಕೆಲ್ ಲೋಬೊ ಅವರು ಯುದ್ಧದ ಜೊತೆಗೆ ಇನ್ನೊಂದು ಕಾರಣ ಸೇರಿಸಿದರು: ಗೋವಾದವರು ಶ್ಯಾಕ್‌ಗಳನ್ನು ಹೊರಗಿನವರಿಗೆ ಬಾಡಿಗೆಗೆ ಕೊಡುತ್ತಿದ್ದಾರೆ, ಬೆಂಗಳೂರಿನಿಂದ ಬಂದವರು ಅಲ್ಲಿ ವಡಾಪಾವ್, ಇಡ್ಲಿ ಸಾಂಬಾರ್ ಮಾರುತ್ತಿದ್ದಾರೆ, ಅದರಿಂದ ವಿದೇಶಿಯರು ದೂರವಾಗುತ್ತಿದ್ದಾರೆ ಎಂದರು. ನಮ್ಮ ಕಡೆ ಈ ಮಾತು ಕೋಪ ತರಿಸಿತು. ಕಾರ್ಯಕಾರಣದ ಕ್ರಮದಲ್ಲಿ ನೋಡಿದರೆ ಇದು ತಲೆಕೆಳಗಾದ ವಾದ. ಎರಡು ವಾರ ತಂಗುವ ವಿದೇಶಿಯ ಬರುವುದು ನಿಂತಾಗ ಶ್ಯಾಕ್ ನಡೆಸುವುದು ಮೂಲ ಪರವಾನಗಿದಾರರಿಗೆ ಗಿಟ್ಟದೆ ಹೋಗಿ, ಅವರು ಅದನ್ನು ಬಾಡಿಗೆಗೆ ಬಿಟ್ಟರು. ಬಾಡಿಗೆಗೆ ಹಿಡಿದವರು ಬರುತ್ತಿರುವ ಗಿರಾಕಿಗೆ ಬೇಕಾದ ತಿಂಡಿ ಮಾಡಿದರು. ಇಡ್ಲಿ ಬಂದದ್ದು ಬದಲಾವಣೆಯ ಆಮೇಲೆ. ಆದರೂ ಶಾಸಕರ ಮಾತಿನಲ್ಲಿ ತೆಗೆದುಹಾಕಲಾಗದ ಒಂದಂಶವಿದೆ: ಬೇರೆಡೆ ಸಿಗದ ಗೋವಾದ ಊಟ, ಗೋವಾದವರ ಆತಿಥ್ಯ ಕಡಿಮೆಯಾದಷ್ಟೂ ಆ ತೀರಕ್ಕೂ ಇನ್ನೊಂದು ತೀರಕ್ಕೂ ವ್ಯತ್ಯಾಸ ಉಳಿಯುವುದಿಲ್ಲ.

ಪಣಜಿಯ ನಾಗರಿಕರ ಆಕ್ಷೇಪ ವಾಹನ ದಟ್ಟಣೆ, ನದಿಗೆ ಸೇರುವ ಕೊಳಚೆ ಮತ್ತು ನಗರದ ಸ್ವಭಾವಕ್ಕೆ ಆಗಿರುವ ಧಕ್ಕೆಯ ಕುರಿತದ್ದು. ಕ್ಯಾಸಿನೊ ಕಂಪನಿಗಳು ಸಾವಿರಾರು ಉದ್ಯೋಗ ಮತ್ತು ಸರ್ಕಾರಕ್ಕೆ ಕಟ್ಟುವ ಹತ್ತಾರು ಕೋಟಿ ರೂಪಾಯಿಯ ವಾರ್ಷಿಕ ಪರವಾನಗಿ ಶುಲ್ಕವನ್ನು ಮುಂದೊಡ್ಡುತ್ತವೆ. 2023ರ ಸೆಪ್ಟೆಂಬರಿನಲ್ಲಿ ಕ್ಯಾಸಿನೊ ಕಂಪನಿ ಡೆಲ್ಟಾ ಕಾರ್ಪ್ ಮತ್ತು ಅದರ ಅಂಗಸಂಸ್ಥೆಗಳಿಗೆ ಹಿಂದಿನ ವರ್ಷಗಳ ಬಾಕಿ ಎಂದು ಸುಮಾರು 16,800 ಕೋಟಿ ರೂಪಾಯಿಯ ಜಿಎಸ್‌ಟಿ ನೋಟಿಸು ಬಂದು ವಿವಾದ ನ್ಯಾಯಾಲಯದ ಮೆಟ್ಟಿಲೇರಿತು. ಚಿಪ್‌ನ ಪೂರ್ತಿ ಬೆಲೆಯ ಮೇಲೋ ಆದಾಯದ ಮೇಲೋ ಎಂಬ ಒಂದೇ ಪ್ರಶ್ನೆಯಿಂದ ಎಷ್ಟು ದೊಡ್ಡ ಅಂತರ ಹುಟ್ಟುತ್ತದೆ ಎಂಬುದಕ್ಕೆ ಆ ಮೊತ್ತವೇ ಸಾಕ್ಷಿ.

ಲಾಸ್ ವೇಗಸ್‌ನಲ್ಲಿ ಬೇರೆ ಕಥೆ

ಗೋವಾವನ್ನು ಅಮೆರಿಕದ ಜೂಜಿನ ನಗರ ಲಾಸ್ ವೇಗಸ್‌ಗೆ ಹೋಲಿಸುವವರಿದ್ದಾರೆ. ಅಲ್ಲಿಯೂ ಇದೇ ಪ್ರಶ್ನೆ ಎದ್ದಿದೆ, ಆದರೆ ಅಂಕಿಗಳು ಅದಲುಬದಲು. 2024ರಲ್ಲಿ 4.17 ಕೋಟಿಯಷ್ಟಿದ್ದ ಪ್ರವಾಸಿಗರು 2025ರಲ್ಲಿ 3.85 ಕೋಟಿಗೆ ಇಳಿದರು, ಆದರೆ ಜೂಜಿನ ಆದಾಯ ಅದೇ ಪ್ರಮಾಣದಲ್ಲಿ ಕುಸಿಯಲಿಲ್ಲ. ಕೋಣೆಯ ಬಾಡಿಗೆಯ ಮೇಲೆ ವಿಧಿಸುವ ರೆಸಾರ್ಟ್ ಶುಲ್ಕ, ವಾಹನ ನಿಲುಗಡೆಯ ಶುಲ್ಕ, ಇಸ್ಪೀಟಿನ ಆಟವಾದ ಬ್ಲ್ಯಾಕ್‌ಜಾಕ್‌ನಲ್ಲಿ ಗೆದ್ದವರಿಗೆ ಮೊದಲಿಗಿಂತ ಕಡಿಮೆ ಕೊಡುವ ಮೇಜುಗಳು, ಅಮೆರಿಕದೊಂದಿಗಿನ ಆಮದು ಸುಂಕದ ಜಗಳದಿಂದ ಮುನಿಸಿಕೊಂಡ ಕೆನಡಾದವರು ಬಾರದಿದ್ದದ್ದು: ಇವೆಲ್ಲ ಸೇರಿ ಸಾಧಾರಣ ವರಮಾನದವರು ದೂರ ಸರಿದರು, ಹೆಚ್ಚು ಖರ್ಚು ಮಾಡುವವರು ಉಳಿದರು. ಅಲ್ಲಿ ಜನ ಇಳಿದು ಜೂಜಿನ ಹಣ ನಿಂತಿತು, ಗೋವಾದಲ್ಲಿ ಜನ ಏರಿ ಹಣ ಹರಡುವುದು ನಿಂತಿತು. ಪ್ರವಾಸಿಗರ ಸಂಖ್ಯೆಯೊಂದನ್ನೇ ಹಿಡಿದು ಒಂದು ಊರಿನ ಆಕರ್ಷಣೆಯನ್ನು ಅಳೆಯಲಾಗದು ಎಂಬುದಕ್ಕೆ ಎರಡೂ ಉದಾಹರಣೆಗಳೇ.

ಅರ್ಪೋರಾದ ಬೆಂಕಿ

2025ರ ಡಿಸೆಂಬರ್ 6ರ ರಾತ್ರಿ ಉತ್ತರ ಗೋವಾದ ಅರ್ಪೋರಾದ ನೈಟ್ ಕ್ಲಬ್‌ನಲ್ಲಿ ಬೆಂಕಿ ಹೊತ್ತಿಕೊಂಡಾಗ ಸತ್ತ 25 ಮಂದಿಯಲ್ಲಿ ಹೆಚ್ಚಿನವರು ಪ್ರವಾಸಿಗರಲ್ಲ, ಅಲ್ಲಿ ದುಡಿಯುತ್ತಿದ್ದ ಸಿಬ್ಬಂದಿ. ಊರು ಬಿಟ್ಟು ದುಡಿಮೆಗಾಗಿ ಬಂದಿದ್ದ ಬಡ ಮನೆಗಳ ಮಕ್ಕಳು. ರಾತ್ರಿಯ ಮನರಂಜನೆಯ ಚರ್ಚೆ ಯಾವಾಗಲೂ ಗಿರಾಕಿ ಮತ್ತು ಆದಾಯದ ಸುತ್ತಲೇ ನಡೆಯುತ್ತದೆ, ಅಡುಗೆಮನೆಯಲ್ಲಿ ನಿಂತವರ ಜೀವ ಅದರಲ್ಲಿ ಎಣಿಕೆಗೇ ಬರುವುದಿಲ್ಲ ಎಂಬ ನೋವಿನ ಸಂಗತಿಯನ್ನು ಇಲ್ಲಿ ಬಿಟ್ಟು ಮುಂದೆ ಹೋಗಲಾಗದು.

ವ್ಯವಹಾರದ ದೃಷ್ಟಿಯಿಂದಲೂ ಈ ದುರಂತದ ಪರಿಣಾಮ ಉದ್ದವಾಗಿರುತ್ತದೆ. ಪರವಾನಗಿ ಮತ್ತು ಅಗ್ನಿ ಸುರಕ್ಷತೆಯ ತಪಾಸಣೆ ಬಿಗಿಯಾದಷ್ಟೂ ನಿಯಮ ಪಾಲಿಸಲು ಹಣ ಹೂಡಲಾರದ ಸಣ್ಣ ಸ್ಥಳಗಳು ಮುಚ್ಚುತ್ತವೆ. ರಾತ್ರಿಯ ವ್ಯಾಪಾರ ದೊಡ್ಡ, ಎಲ್ಲವೂ ಒಳಗೇ ಇರುವ ಕೇಂದ್ರಗಳ ಕಡೆಗೆ ಇನ್ನೂ ಒಂದು ಹೆಜ್ಜೆ ಸರಿಯುತ್ತದೆ. ತಪಾಸಣೆ ಬೇಡವೆಂದು ಇದರ ಅರ್ಥವಲ್ಲ. ಅದು ಮೊದಲೇ ನಡೆದಿದ್ದರೆ 25 ಜೀವಗಳು ಉಳಿಯಬಹುದಿತ್ತು.

ಸರ್ಕಾರಕ್ಕೆ ಬಿಡಲು ಏಕೆ ಕಷ್ಟ

ಗೋವಾದ ಬೊಕ್ಕಸಕ್ಕೆ ಒಂದು ಕಾಲದಲ್ಲಿ ದೊಡ್ಡ ಆಸರೆ ಕಬ್ಬಿಣದ ಅದಿರು. 2012ರಲ್ಲಿ ಗಣಿಗಾರಿಕೆ ನಿಂತು, ಮತ್ತೆ ಆರಂಭವಾಗಿ, 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ 88 ಗುತ್ತಿಗೆಗಳನ್ನು ರದ್ದುಮಾಡಿತು. ಆ ವರಮಾನ ಕುಗ್ಗಿದಾಗ ಕ್ಯಾಸಿನೊ ಶುಲ್ಕದ ತೂಕ ಹೆಚ್ಚಾಯಿತು. ಹಡಗುಗಳನ್ನು ಮಾಂಡವಿಯಿಂದ ಹೊರಗೆ ಕಳಿಸುತ್ತೇವೆ ಎಂಬ ಭರವಸೆ ಹಲವು ಚುನಾವಣೆಗಳನ್ನು ಕಂಡಿದೆ. ವಿರೋಧ ಪಕ್ಷದಲ್ಲಿದ್ದಾಗ ಕ್ಯಾಸಿನೊ ವಿರುದ್ಧ ಬೀದಿಗಿಳಿದವರೇ ಅಧಿಕಾರಕ್ಕೆ ಬಂದ ಮೇಲೆ, ಬೇರೆ ಜಾಗ ಸಿಗುವವರೆಗೆ ಎಂದು ಅವಧಿಯನ್ನು ಆರಾರು ತಿಂಗಳಿಗೆ ವಿಸ್ತರಿಸುತ್ತ ಬಂದಿದ್ದಾರೆ.

ಈ ತಾತ್ಕಾಲಿಕತೆಯೇ ಒಂದು ದೊಡ್ಡ ಹಾನಿ. ಆರು ತಿಂಗಳ ಭರವಸೆಯ ಮೇಲೆ ಯಾವ ಕಂಪನಿಯೂ ಕೊಳಚೆ ನಿರ್ವಹಣೆಗೆ, ವಾಹನ ನಿಲುಗಡೆಗೆ ದೀರ್ಘಕಾಲದ ಬಂಡವಾಳ ಹೂಡುವುದಿಲ್ಲ. ಹೋಗುವ ಹಡಗುಗಳಿಗಾಗಿ ನಗರಪಾಲಿಕೆ ಏಕೆ ಖರ್ಚು ಮಾಡಬೇಕೆಂದು ಕೇಳುತ್ತದೆ. ಯಾರೂ ಜವಾಬ್ದಾರಿ ಹೊರದ ಸ್ಥಿತಿ ಹೀಗೆ ವರ್ಷಗಳಿಂದ ನಡೆದುಬಂದಿದೆ.

ಮುಂದಿನ ದಿನಗಳಲ್ಲಿ ಶೇ 40ರ ತೆರಿಗೆಯನ್ನು ತಡೆದುಕೊಳ್ಳಬಲ್ಲ ದೊಡ್ಡ ಹಡಗುಗಳು ಉಳಿದು, ಸಣ್ಣವು ಮಾರಾಟವಾಗುವ ಅಥವಾ ಮುಚ್ಚುವ ಸಂಭವ ಹೆಚ್ಚು. ದೊಡ್ಡ ಮೊತ್ತ ಆಡುವವರಿಗೆ ನೇಪಾಳದ ಕಠ್ಮಂಡುವಿನ ಕ್ಯಾಸಿನೊಗಳು ಮೊದಲಿಂದಲೂ ಇದ್ದವು. 2025ರ ಆಗಸ್ಟಿನಲ್ಲಿ ಕೊಲಂಬೊದಲ್ಲಿ ಹೊಸ ದೊಡ್ಡ ಕ್ಯಾಸಿನೊ ತೆರೆದಿದೆ. ಅದೇ ತಿಂಗಳು ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ದೇಶದಾದ್ಯಂತ ನಿಷೇಧಿಸಿದ್ದರಿಂದ ಆ ಆಟಗಾರರಲ್ಲಿ ಕೆಲವರು ಗೋವಾದ ಕಡೆ ತಿರುಗಬಹುದು. ಆದರೆ ಮೊಬೈಲಿನಲ್ಲಿ ನೂರಿನ್ನೂರು ಹಾಕುತ್ತಿದ್ದವರು ಹಡಗಿನ ಪ್ರವೇಶದ ಹಣ ಕೊಡಲಾರರು. ಅವರಲ್ಲಿ ಹೆಚ್ಚಿನವರು ಐಪಿಎಲ್ ಸಮಯದಲ್ಲಿ ನಮ್ಮ ಊರುಗಳಲ್ಲೇ ಕಾಣಿಸಿಕೊಳ್ಳುವ ಬುಕ್ಕಿಗಳ ಕೈಗೆ ಬೀಳುವ ಭಯವಿದೆ, ಅಲ್ಲಿ ತೆರಿಗೆಯೂ ಇಲ್ಲ, ಕಾನೂನಿನ ಆಸರೆಯೂ ಇಲ್ಲ.

ಮೈಸೂರು, ಮಂಡ್ಯಕ್ಕೆ ಇದರ ಸಂಬಂಧ

2020ರ ಫೆಬ್ರುವರಿಯಲ್ಲಿ ಕರ್ನಾಟಕದ ಆಗಿನ ಪ್ರವಾಸೋದ್ಯಮ ಸಚಿವರು ರಾಜ್ಯದಲ್ಲಿ ಕ್ಯಾಸಿನೊ ಸಾಧ್ಯತೆಯ ಬಗ್ಗೆ ಮಾತನಾಡಿ, ವಿರೋಧ ಬಂದ ಮೇಲೆ ಸ್ಪಷ್ಟನೆ ಕೊಡಬೇಕಾಯಿತು. 2007ರಲ್ಲಿ ಲಾಟರಿಯನ್ನೂ ಸಾರಾಯಿಯನ್ನೂ ನಿಷೇಧಿಸಿ ಆ ವರಮಾನವನ್ನು ಬಿಟ್ಟುಕೊಟ್ಟ ರಾಜ್ಯದಲ್ಲಿ ಅಂಥ ಪ್ರಸ್ತಾಪ ಸದ್ಯಕ್ಕೆ ಮುಂದುವರಿಯುವಂತೆ ಕಾಣುವುದಿಲ್ಲ. ಕ್ಯಾಸಿನೊ ಬರಲಿ ಬಿಡಲಿ, ಗೋವಾದ ಲೆಕ್ಕ ನಮಗೂ ಅನ್ವಯಿಸುತ್ತದೆ.

ಮೈಸೂರಿನ ಸಮಸ್ಯೆಯೂ ಜನರ ಕೊರತೆಯಲ್ಲ, ರಾತ್ರಿಗಳ ಕೊರತೆ. ಭಾನುವಾರ ಅರಮನೆಯ ದೀಪಾಲಂಕಾರ ನೋಡಿ ಅಂದೇ ರಾತ್ರಿ ಬೆಂಗಳೂರಿಗೆ ಹಿಂದಿರುಗುವುದು ಹೆದ್ದಾರಿಯಿಂದಾಗಿ ಇನ್ನಷ್ಟು ಸುಲಭವಾಗಿದೆ. ಅರಮನೆಯ ಟಿಕೆಟ್ ಲೆಕ್ಕದಲ್ಲಿ ಅವರು ಕಾಣುತ್ತಾರೆ, ವಸತಿಗೃಹದ ಪುಸ್ತಕದಲ್ಲಿ ಕಾಣುವುದಿಲ್ಲ.

ಕೆಆರ್‌ಎಸ್ ಬಳಿ ಬೃಂದಾವನವನ್ನು ಸೇರಿಸಿಕೊಂಡು ದೊಡ್ಡ ಮನರಂಜನಾ ಪಾರ್ಕ್ ಮಾಡುವ ಯೋಜನೆಗೆ ಮಂಡ್ಯದ ರೈತ ಸಂಘಟನೆಗಳು ಅಣೆಕಟ್ಟೆಯ ಸುರಕ್ಷತೆಯನ್ನು ಮುಂದಿಟ್ಟು ವಿರೋಧ ತೋರಿವೆ. ಆ ಪ್ರಶ್ನೆಗೆ ಉತ್ತರ ಮೊದಲು ಸಿಗಬೇಕು. ಅದರ ಜೊತೆಗೆ ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆ. ಈಗ ಬೃಂದಾವನಕ್ಕೆ ಬರುವವರು ಹೊರಗಿನ ಅಂಗಡಿಗಳಲ್ಲಿ ಮೀನು, ಚುರುಮುರಿ, ಎಳನೀರು ಕೊಳ್ಳುತ್ತಾರೆ, ಶ್ರೀರಂಗಪಟ್ಟಣದಲ್ಲಿ ಊಟಕ್ಕೆ ನಿಲ್ಲುತ್ತಾರೆ. ಒಂದೇ ಟಿಕೆಟ್‌ನಲ್ಲಿ ಊಟ, ಆಟ, ಪ್ರದರ್ಶನ ಎಲ್ಲವನ್ನೂ ಗೋಡೆಯೊಳಗೆ ಕೊಡುವ ಪಾರ್ಕ್ ಬಂದರೆ ಪ್ರವಾಸಿಗರ ಸಂಖ್ಯೆ ಹೆಚ್ಚುವುದು ಬಹುತೇಕ ಖಚಿತ. ಅವರಲ್ಲಿ ಎಷ್ಟು ಮಂದಿ ಗೋಡೆಯ ಹೊರಗೆ ಊಟ ಮಾಡುತ್ತಾರೆ, ಎಷ್ಟು ಮಂದಿ ಮೈಸೂರಿನಲ್ಲೋ ಮಂಡ್ಯದಲ್ಲೋ ಒಂದು ರಾತ್ರಿ ತಂಗುತ್ತಾರೆ ಎಂಬ ಅಂದಾಜನ್ನು ಯೋಜನಾ ವರದಿಯಲ್ಲಿ ಕೊಡುವಂತೆ ಈಗಲೇ ಕೇಳಬೇಕು. ಗುತ್ತಿಗೆಗೆ ಸಹಿ ಬಿದ್ದ ಮೇಲೆ ಗೋಡೆಯನ್ನು ಎಲ್ಲಿ ಕಟ್ಟಬೇಕು, ಅಂಗಡಿಗಳು ಅದರ ಯಾವ ಬದಿಗಿರಬೇಕು ಎಂಬುದನ್ನು ಬದಲಿಸಲು ಅವಕಾಶವಿರುವುದಿಲ್ಲ.